ಬಳ್ಳಾರಿ ಸೀಮೆಯ ಬೂದಿದಿಬ್ಬಗಳು: ಗುರುತಿಸುವ ಕ್ರಮದ ಒಂದು ವಿಮರ್ಶೆ

ಹೊಲ ಉಳುವಾಗ ನೇಗಿಲಿಗೆ ತಗುಲಿದ ಕಲ್ಲು, ಕೆರೆಯ ಹೂಳೆತ್ತುವಾಗ ದೊರೆತ ಲೋಹದ ತುಣುಕು, ಗುಡ್ಡದ ಬುಡದಲ್ಲಿ ಬಿದ್ದಿದ್ದ ಹೆಸರು ತಿಳಿಯದ ಗಟ್ಟಿ, ಇಂಥವು ವಿದ್ಯಾರ್ಥಿಗಳ ಕೈಯಿಂದ ಅಧ್ಯಾಪಕರ ಮೇಜಿನ ಮೇಲೆ ಬಂದು ಕುಳಿತುಕೊಳ್ಳುವುದು ನಮ್ಮ ಕಾಲೇಜುಗಳಲ್ಲಿ ಅಪರೂಪವೇನೂ ಅಲ್ಲ. ತಂದವನು ಕೇಳುವ ಪ್ರಶ್ನೆ ಒಂದೇ: ‘ಇದು ಏನು?’ ಕೇಳುವಾಗ ಒಂದಾಗಿ ತೋರುವ ಈ ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳು ಬೆರೆತಿರುತ್ತವೆ. ವಸ್ತುವಿನ ದ್ರವ್ಯ ಯಾವುದು ಎಂಬುದು ಮೊದಲನೆಯದು. ಅದು ಯಾವ ಕ್ರಿಯೆಯಿಂದ ಈ ರೂಪವನ್ನು ತಾಳಿತು ಎಂಬುದು ಎರಡನೆಯದು. ಆ ಕ್ರಿಯೆಯನ್ನು ಯಾರು, ಏತಕ್ಕಾಗಿ ಮಾಡಿದರು ಎಂಬುದು ಮೂರನೆಯದು. ಮೊದಲನೆಯದಕ್ಕೆ ದೊರೆತ ಉತ್ತರವನ್ನೇ ಮೂರನೆಯದಕ್ಕೂ ಉತ್ತರವೆಂದು ಎಣಿಸಿಬಿಡುವ ಪ್ರವೃತ್ತಿ ಸಾಮಾನ್ಯರಲ್ಲಿರುವಂತೆಯೇ ವಿದ್ವಾಂಸರಲ್ಲಿಯೂ ಉಂಟು. ಇದಕ್ಕೆ ಬಳ್ಳಾರಿ, ರಾಯಚೂರು ಸೀಮೆಗಳ ಬೂದಿದಿಬ್ಬಗಳನ್ನು ಕುರಿತ ಬರವಣಿಗೆಗಿಂತ ಒಳ್ಳೆಯ ನಿದರ್ಶನ ಕನ್ನಡ ನಾಡಿನಲ್ಲಿ ದೊರೆಯಲಾರದು. ಸುಮಾರು ನೂರೆಂಬತ್ತು ವರ್ಷಗಳಿಂದ ನಡೆದು ಬಂದಿರುವ ಈ ವಾದವನ್ನು ಅದರ ತೀರ್ಮಾನಗಳಿಗಾಗಿ ಮಾತ್ರವಲ್ಲದೆ ತರ್ಕಕ್ರಮಕ್ಕಾಗಿಯೂ ಪರಿಶೀಲಿಸುವುದು ಇಲ್ಲಿಯ ಉದ್ದೇಶ.

ಮೊದಲು ವಸ್ತುವಿನ ಪರಿಚಯ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿಯ ಬಳಿ, ರಸ್ತೆಯ ಪಕ್ಕದಲ್ಲಿಯೇ, ಬೂದುಬಣ್ಣದ ಒಂದು ದಿಬ್ಬವಿದೆ. ಇಂಥವು ಬಳ್ಳಾರಿ, ವಿಜಯನಗರ, ಕೊಪ್ಪಳ, ರಾಯಚೂರು, ಯಾದಗಿರಿ ಜಿಲ್ಲೆಗಳಲ್ಲಿಯೂ ನೆರೆಯ ಆಂಧ್ರ, ತೆಲಂಗಾಣಗಳ ಕೆಲವು ಭಾಗಗಳಲ್ಲಿಯೂ ನೂರಕ್ಕೂ ಮಿಕ್ಕಿ ಗೊತ್ತಾಗಿವೆ. ಕೆಲವು ಮನೆಯ ಎತ್ತರಕ್ಕಿಂತ ಹೆಚ್ಚಿನವು, ಕೆಲವು ನೆಲದಿಂದ ಒಂದಡಿ ಮೇಲೆದ್ದ ಮಚ್ಚೆಗಳು. ಅಗೆದು ನೋಡಿದರೆ ಮೃದುವಾದ ಬೂದಿಯ ಪದರಗಳ ನಡುವೆ, ಕರಗಿ ಮತ್ತೆ ಗಟ್ಟಿಯಾದ, ತೂತುತೂತಾದ, ಅಲ್ಲಲ್ಲಿ ಗಾಜಿನಂತೆ ಹೊಳೆಯುವ ಹೆಂಟೆಗಳು ದೊರೆಯುತ್ತವೆ. ಈ ಹೆಂಟೆಯೇ ಎಲ್ಲ ತೊಡಕಿಗೂ ಮೂಲ. ಬೂದಿ ಮಾತ್ರ ಇದ್ದಿದ್ದರೆ ಯಾರೂ ಬೆರಗಾಗುತ್ತಿರಲಿಲ್ಲ. ಬೂದಿಯೊಡನೆ ಕರಗಿದ ಕಲ್ಲಿನಂಥ ಪದಾರ್ಥವಿದ್ದುದರಿಂದ, ಇಲ್ಲಿ ಸಾಮಾನ್ಯವಾದ ಬೆಂಕಿಗಿಂತ ಬೇರೆಯಾದ ಯಾವುದೋ ಶಕ್ತಿ ವರ್ತಿಸಿರಬೇಕೆಂಬ ಭಾವನೆ ನೋಡಿದವರೆಲ್ಲರಲ್ಲಿಯೂ ಹುಟ್ಟಿತು.

ನಮ್ಮ ಜನರು ಈ ದಿಬ್ಬಗಳಿಗೆ ಕೊಟ್ಟ ಹೆಸರುಗಳನ್ನು ಇಲ್ಲಿ ಗಮನಿಸಬೇಕು. ಬೂದಿಗುಂಟೆ, ಬೂದಿಕನಮ ಎಂಬ ಹೆಸರುಗಳು ದ್ರವ್ಯವನ್ನು ಕುರಿತ ಪ್ರಶ್ನೆಯನ್ನು ಒಂದೇ ಮಾತಿನಲ್ಲಿ ಮುಗಿಸಿವೆ: ಇದು ಬೂದಿ. ಹಳ್ಳಿಯವರಿಗೆ ಉಳಿದದ್ದು ಯಾರ ಬೂದಿ ಎಂಬ ಪ್ರಶ್ನೆ ಮಾತ್ರ. ಅದಕ್ಕೆ ಅವರು ತಮಗೆ ತಿಳಿದ ಪುರಾಣಗಳಿಂದ ಉತ್ತರ ಕಂಡುಕೊಂಡರು. ಭೀಮನು ಕೊಂದ ಹಿಡಿಂಬಾಸುರನನ್ನು ಸುಟ್ಟ ಚಿತೆ ಒಂದೆಡೆ. ಹಂಪೆಯ ಸಮೀಪದ ನಿಂಬಾಪುರದಲ್ಲಾದರೆ ವಾಲಿಯ ದೇಹವನ್ನು ದಹಿಸಿದ ಸ್ಥಳ. ಕಿಷ್ಕಿಂಧೆಯ ನೆಲದಲ್ಲಿ ಅಷ್ಟು ದೊಡ್ಡ ಬೂದಿಯ ರಾಶಿಗೆ ವಾಲಿಯಲ್ಲದೆ ಮತ್ತಾರು ತಕ್ಕವನು? ಈ ಕಥೆಗಳನ್ನು ಮೌಢ್ಯವೆಂದು ತಳ್ಳಿಹಾಕಿದ ಪಂಡಿತರಲ್ಲಿ ಅನೇಕರು, ಅವುಗಳೊಡನೆ ಅವುಗಳಲ್ಲಿದ್ದ ಸರಿಯಾದ ಅಂಶವನ್ನೂ ತಳ್ಳಿಹಾಕಿದರೆಂಬುದೇ ಈ ಇತಿಹಾಸದ ವಿನೋದ. ಬೂದಿಯನ್ನು ಬೂದಿಯೆಂದು ಒಪ್ಪಿಕೊಳ್ಳುವುದಕ್ಕೆ ಮುನ್ನ ವಿದ್ವಲ್ಲೋಕವು ಜ್ವಾಲಾಮುಖಿಯನ್ನೂ ಲೋಹದ ಕುಲುಮೆಯನ್ನೂ ಇಟ್ಟಿಗೆಯ ಗೂಡನ್ನೂ ಸುತ್ತಿ ಬರಬೇಕಾಯಿತು.

ಈ ದಿಬ್ಬಗಳನ್ನು ಶಾಸ್ತ್ರೀಯವಾಗಿ ವಿವರಿಸಿದ ಮೊದಲಿಗರಲ್ಲಿ ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಕ್ಯಾಪ್ಟನ್ ನ್ಯೂಬೋಲ್ಡ್ ಪ್ರಮುಖರು. ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ 1843ರಲ್ಲಿ ಪ್ರಕಟವಾದ ಅವರ ಲೇಖನ ಇಂದಿಗೂ ಓದುವುದಕ್ಕೆ ಯೋಗ್ಯವಾದುದು. ದಿಬ್ಬವು ಎಲ್ಲಿದೆ, ಸುತ್ತಲಿನ ಶಿಲೆ ಯಾವುದು, ಊರವರು ಏನೆನ್ನುತ್ತಾರೆ ಎಂಬ ಮೂರನ್ನೂ ಅವರು ದಾಖಲಿಸಿದರು. ಬಳ್ಳಾರಿಯ ಗುಡ್ಡಗಳು ಭೂಮಿಯ ಅತ್ಯಂತ ಹಳೆಯ ಶಿಲೆಗಳಲ್ಲಿ ಸೇರಿದ ಗ್ರ್ಯಾನೈಟ್ ಮತ್ತು ನೈಸ್ ಶಿಲೆಯವು. ಅವುಗಳ ವಯಸ್ಸು ಇನ್ನೂರೈವತ್ತು ಕೋಟಿ ವರ್ಷಗಳ ಆಸುಪಾಸಿನದೆಂದು ಈಗ ನಾವು ಬಲ್ಲೆವು. ಇಂಥ ನೆಲದ ಮೇಲೆ, ಮೇಲ್ಮಣ್ಣಿನ ಮೇಲೆಯೇ ಕುಳಿತಿರುವ ಸಡಿಲವಾದ ಬೂದಿಯ ರಾಶಿ ಜ್ವಾಲಾಮುಖಿಯಿಂದ ಬಂದಿರಲು ಸಾಧ್ಯವಿಲ್ಲ. ಹೆಂಟೆಯನ್ನು ಮಾತ್ರ ಕೈಯಲ್ಲಿ ಹಿಡಿದವನಿಗೆ ಅದು ಲಾವಾರಸದ ನೊರೆಗಲ್ಲಿನಂತೆ ಕಾಣಬಹುದು. ಹೆಂಟೆ ಬಿದ್ದಿದ್ದ ಸ್ಥಳದಲ್ಲಿ ನಿಂತವನಿಗೆ ಹಾಗೆ ಕಾಣಲಾರದು. ಸ್ಥಳವನ್ನು ನೋಡಿ ವಸ್ತುವನ್ನು ನಿರ್ಣಯಿಸುವ ಈ ಪಾಠ ನ್ಯೂಬೋಲ್ಡರ ಲೇಖನದಲ್ಲಿ ಇದ್ದಿತಾದರೂ ಮುಂದಿನವರು ಅದನ್ನು ಸದಾ ನೆನಪಿನಲ್ಲಿಟ್ಟುಕೊಳ್ಳಲಿಲ್ಲ.

ವಿಜಯನಗರದ ಇತಿಹಾಸವನ್ನು ಬರೆದು ಪ್ರಸಿದ್ಧರಾದ ರಾಬರ್ಟ್ ಸಿವೆಲ್ ಅವರು 1899ರಲ್ಲಿ ಇದೇ ವಿಷಯವನ್ನು ಎತ್ತಿಕೊಂಡರು. ಸಾಹಿತ್ಯದ ಆಧಾರಗಳಲ್ಲಿ ನುರಿತವರಾದ ಅವರ ಮನಸ್ಸು ಸಹಜವಾಗಿಯೇ ವಿಜಯನಗರದ ಕಾಲದ ಮಹಾದಹನಗಳ ಕಡೆಗೆ ಒಲಿಯಿತು. ಅರಸರೊಡನೆ ಅನೇಕ ಸ್ತ್ರೀಯರು ಸಹಗಮನ ಮಾಡುತ್ತಿದ್ದರೆಂದು ವಿದೇಶೀ ಯಾತ್ರಿಕರು ಬರೆದಿಟ್ಟ ವರ್ಣನೆಗಳು ಅವರ ಕಣ್ಣ ಮುಂದಿದ್ದವು. ಆದರೆ ಇಲ್ಲಿ ತರ್ಕದ ದಾರಿ ತಲೆಕೆಳಗಾಗಿದೆ. ಗ್ರಂಥದಲ್ಲಿ ಒಂದು ದೊಡ್ಡ ಬೆಂಕಿಯ ವರ್ಣನೆ ಇದೆ, ನೆಲದ ಮೇಲೆ ಒಂದು ದೊಡ್ಡ ಬೂದಿಯ ರಾಶಿ ಇದೆ. ಎರಡೂ ಒಂದೇ ಸೀಮೆಯವಾದುದರಿಂದ ಇದು ಅದರದೇ ಎಂಬ ತೀರ್ಮಾನ. ಹಳ್ಳಿಗನು ಹಿಡಿಂಬನನ್ನು ತಂದ ರೀತಿಗೂ ಇದಕ್ಕೂ ವ್ಯತ್ಯಾಸ ಆಕರಗ್ರಂಥದಲ್ಲಿ ಮಾತ್ರ, ವಿಧಾನ ಒಂದೇ. ದಿಬ್ಬಗಳಲ್ಲಿ ದೊರೆಯುವ ಮೂಳೆಗಳು ಬಹುಮಟ್ಟಿಗೆ ದನಗಳವು, ಮನುಷ್ಯರವಲ್ಲ. ಅವುಗಳೊಡನೆ ದೊರೆಯುವುದು ನಯಮಾಡಿದ ಕಲ್ಲಿನ ಕೊಡಲಿಗಳು ಮತ್ತು ಕೈಯಿಂದ ಮಾಡಿದ ಬೂದುಬಣ್ಣದ ಮಡಕೆಯ ಚೂರುಗಳು. ವಿಜಯನಗರದ ಸೇನೆಯೋ ಅಂತಃಪುರವೋ ಕಲ್ಲಿನ ಕೊಡಲಿಯನ್ನು ಬಳಸುತ್ತಿರಲಿಲ್ಲವೆಂಬುದನ್ನು ವಾದಿಸಿ ತೋರಿಸಬೇಕಾಗಿಲ್ಲ. ಇನ್ನೂ ಒಂದು ಮಾತು: ಆ ಕಲ್ಲಿನ ಕೊಡಲಿಯ ಜನರು ತಮ್ಮ ಮೃತರನ್ನು ಸುಡುತ್ತಿದ್ದವರಲ್ಲ, ಹೂಳುತ್ತಿದ್ದವರು. ಶಿಶುಗಳನ್ನು ಮಡಕೆಗಳಲ್ಲಿಯೂ ದೊಡ್ಡವರನ್ನು ನೀಳವಾಗಿ ಮಲಗಿಸಿಯೂ ಮನೆಯ ನೆಲದಲ್ಲಿಯೇ ಹೂಳಿದ ನಿದರ್ಶನಗಳು ಅನೇಕ ಉತ್ಖನನಗಳಲ್ಲಿ ದೊರೆತಿವೆ.

ಲೋಹದ ಕುಲುಮೆಯ ವಾದವನ್ನು ಇದಕ್ಕಿಂತ ಗಂಭೀರವಾಗಿ ಪರಿಗಣಿಸಬೇಕಾಗುತ್ತದೆ. ಏಕೆಂದರೆ ಬಳ್ಳಾರಿ ಕಬ್ಬಿಣದ ಅದಿರಿನ ಸೀಮೆ. ಕಬ್ಬಿಣವನ್ನು ಕರಗಿಸಿದ ಹಳೆಯ ಸ್ಥಳಗಳು ಅಲ್ಲಿ ನಿಜವಾಗಿಯೂ ಇವೆ. ಅಲ್ಲಿ ಬಿದ್ದಿರುವ ಕಿಟ್ಟವು ಬೂದಿದಿಬ್ಬದ ಹೆಂಟೆಯನ್ನು ಸ್ವಲ್ಪ ಹೋಲುವುದೂ ಉಂಟು. ಇಂದಿಗೂ ವಿದ್ಯಾರ್ಥಿಗಳು ತರುವ ‘ಉಲ್ಕಾಶಿಲೆ’ಗಳಲ್ಲಿ ಬಹುಪಾಲು ಈ ಕಿಟ್ಟವೇ ಆಗಿರುತ್ತದೆಂಬುದು ಅನುಭವಿಗಳಿಗೆ ತಿಳಿದ ವಿಷಯ. ಆದುದರಿಂದ ಎರಡನ್ನೂ ಬೇರ್ಪಡಿಸುವ ಲಕ್ಷಣಗಳನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅಪ್ರಕೃತವಾಗಲಾರದು. ಕಬ್ಬಿಣದ ಕಿಟ್ಟ ಗಾತ್ರಕ್ಕೆ ಮೀರಿದ ತೂಕದ್ದು. ಅದರಲ್ಲಿ ಕಬ್ಬಿಣದ ಅಂಶ ಸಿಲಿಕದೊಡನೆ ಕೂಡಿಕೊಂಡು ಹೇರಳವಾಗಿ ಉಳಿದಿರುತ್ತದೆ. ಬಣ್ಣ ಕಪ್ಪು, ಒಡೆದ ಮೈ ಕಬ್ಬಿಣದಂತೆ ಮಬ್ಬಾಗಿ ಹೊಳೆಯುತ್ತದೆ. ಮೇಲ್ಮೈಯಲ್ಲಿ ಬೆಲ್ಲದ ಪಾಕ ಹರಿದು ಆರಿದಂಥ ಮಡಿಕೆಗಳು ಕಾಣಬರುತ್ತವೆ. ಬೂದಿದಿಬ್ಬದ ಹೆಂಟೆಯಾದರೋ ಹಗುರ, ಗುಳ್ಳೆಗಳಿಂದ ತುಂಬಿದುದು, ಬಣ್ಣ ಬೂದು ಅಥವಾ ಹಸಿರು ಛಾಯೆಯದು, ಅದರ ಮುಖ್ಯ ಘಟಕಗಳು ಸಿಲಿಕ ಮತ್ತು ಸುಣ್ಣ, ಜೊತೆಗೆ ರಂಜಕದ ಅಂಶ.

ಆದರೆ ದ್ರವ್ಯಪರೀಕ್ಷೆಗಿಂತಲೂ ಬಲವಾದ ಪ್ರಮಾಣ ಇಲ್ಲದಿರುವ ವಸ್ತುಗಳದು. ಕುಲುಮೆಯಿದ್ದೆಡೆ ಕಿಟ್ಟದೊಡನೆ ಸುಟ್ಟ ಅದಿರಿನ ಚೂರು, ಇದ್ದಿಲು, ಕುಲುಮೆಯ ಗೋಡೆಯ ಬೆಂದ ಮಣ್ಣು, ಗಾಳಿಯೂದುವ ತಿದಿಯ ಮಣ್ಣಿನ ಕೊಳವೆ ಇವುಗಳಲ್ಲಿ ಕೆಲವಾದರೂ ಇರಲೇಬೇಕು. ಬೂದಿದಿಬ್ಬದ ಒಡಲಿನಲ್ಲಿ ಇವುಗಳ ಸುಳಿವಿಲ್ಲ. ದಕ್ಷಿಣ ಭಾರತದಲ್ಲಿ ಕಬ್ಬಿಣದ ಬಳಕೆ ಈ ದಿಬ್ಬಗಳಲ್ಲಿ ಬಹುಪಾಲು ಬೆಳೆದು ನಿಂತ ಮೇಲೆ ಬಂದದ್ದೆಂಬುದೂ ಈಗ ಸಿದ್ಧವಾಗಿದೆ. ಒಂದು ವಸ್ತುವನ್ನು ಗುರುತಿಸುವಾಗ ಅದರ ಸಂಗಡ ಏನಿದೆ ಎಂದು ನೋಡುವವರು ಹಲವರು. ಏನಿರಬೇಕಾಗಿತ್ತು, ಆದರೆ ಇಲ್ಲ ಎಂದು ಕೇಳುವವರು ವಿರಳ.

ಇಂಥ ವಿರಳರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಒಬ್ಬರು. ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯನ್ನು 1858ರಲ್ಲಿ ಸೇರಿ, ಮದರಾಸಿನ ಬಳಿಯ ಪಲ್ಲಾವರದಲ್ಲಿ 1863ರಲ್ಲಿ ಹಳೆಯ ಶಿಲಾಯುಗದ ಕೈಗೊಡಲಿಯನ್ನು ಗುರುತಿಸಿದ ಈ ವಿದ್ವಾಂಸರು, ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ತಳಹದಿಯನ್ನು ಹಾಕಿದವರು. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನವನ್ನು ಕುರಿತ ಅವರ ಗ್ರಂಥ 1895ರಲ್ಲಿ ಹೊರಬಿತ್ತು. ಬೂದಿದಿಬ್ಬಗಳ ದ್ರವ್ಯ ಸುಟ್ಟ ಸಗಣಿ ಎಂಬ ನಿರ್ಣಯಕ್ಕೆ ಅವರು ಬಂದದ್ದು ಪ್ರಯೋಗಶಾಲೆಯಿಂದಲ್ಲ. ದಿಬ್ಬದ ಒಳಗೆ ಮತ್ತು ಸುತ್ತಮುತ್ತ ನವಶಿಲಾಯುಗದ ಜನವಸತಿಯ ಕುರುಹುಗಳನ್ನು ಕಂಡು, ಆ ಜನರು ದನಗಾಹಿಗಳೆಂಬುದನ್ನು ಮನಗಂಡು, ದನಗಾಹಿಗಳ ಬಳಿ ಬೆಟ್ಟದಷ್ಟು ಬೀಳುವ ಪದಾರ್ಥ ಯಾವುದೆಂದು ಯೋಚಿಸಿದುದರಿಂದ. ಹಟ್ಟಿಯ ಮುಂದಿನ ತಿಪ್ಪೆಯನ್ನು ಕಂಡ ಯಾವ ರೈತನಿಗೂ ಹೊಳೆಯಬಹುದಾಗಿದ್ದ ಉತ್ತರ ಇದು. ಪ್ರಾಯಶಃ ಅತಿ ಸಾಮಾನ್ಯವಾದ ವಸ್ತುವಾದುದರಿಂದಲೇ ಅದು ಬಹುಕಾಲ ಯಾರ ಲಕ್ಷ್ಯಕ್ಕೂ ಬರಲಿಲ್ಲ.

ಫೂಟ್ ಅವರ ಸಂಗ್ರಹವನ್ನು ಮದರಾಸು ವಸ್ತುಸಂಗ್ರಹಾಲಯ 1904ರಲ್ಲಿ ಕೊಂಡುಕೊಂಡಿತು. ಅದರ ವಿವರಣಾತ್ಮಕ ಪಟ್ಟಿಕೆ 1914ರಲ್ಲಿಯೂ ಟಿಪ್ಪಣಿಗಳು 1916ರಲ್ಲಿಯೂ, ಎಂದರೆ ಅವರು 1912ರಲ್ಲಿ ತೀರಿಕೊಂಡ ಮೇಲೆ, ಅಚ್ಚಾದವು. ಇವನ್ನು ಪಟ್ಟಿಕೆಯೆಂದು ಉಪೇಕ್ಷಿಸಲಾಗದು. ಪ್ರತಿಯೊಂದು ಕಲ್ಲಿಗೂ ಅದು ದೊರೆತ ಊರನ್ನು ಹೇಳಿರುವುದೇ ಆ ಕೃತಿಯ ಜೀವಾಳ. ಚೆಲುವಾದ ಕೊಡಲಿಯೊಂದು ಎಲ್ಲಿಯದೋ ತಿಳಿಯದೆ ಗಾಜಿನ ಪೆಟ್ಟಿಗೆಯಲ್ಲಿ ಕುಳಿತಿದ್ದರೆ ಅದು ಅಲಂಕಾರ. ಒಡೆದ ಚೂರೊಂದು ಇಂಥ ಗುಡ್ಡದ ಇಂಥ ಮಗ್ಗುಲಿನದೆಂದು ತಿಳಿದಿದ್ದರೆ ಅದು ಸಾಕ್ಷ್ಯ. ಆದರೂ ಫೂಟ್ ಅವರಲ್ಲಿ ಒಂದು ಕೊರತೆಯನ್ನು ತೋರಿಸದೆ ಬಿಡಲಾಗದು. ಅವರು ಸಂಗ್ರಹಿಸಿದ್ದರಲ್ಲಿ ಬಹುಭಾಗ ನೆಲದ ಮೇಲಿನಿಂದ ಆಯ್ದದ್ದು. ಊರು ತಿಳಿಯಿತು, ಸ್ತರ ತಿಳಿಯಲಿಲ್ಲ. ಭೂವಿಜ್ಞಾನಿಯಾಗಿ ಶಿಲಾಸ್ತರಗಳ ಅನುಕ್ರಮವನ್ನು ಅಷ್ಟು ಬಲ್ಲವರು, ಮಾನವಕೃತ ನಿಕ್ಷೇಪಗಳಲ್ಲಿಯೂ ಅದೇ ಅನುಕ್ರಮವನ್ನು ಅಗೆದು ಹುಡುಕಲಿಲ್ಲ. ಆ ಕೆಲಸಕ್ಕೆ ಬಳ್ಳಾರಿ ಸೀಮೆ ಸುಬ್ಬರಾಯರ ಸಂಗನಕಲ್ಲಿನ ಉತ್ಖನನದವರೆಗೆ ಕಾಯಬೇಕಾಯಿತು. ಅವರ ಗ್ರಂಥ ಹೊರಬಂದದ್ದು 1948ರಲ್ಲಿ.

ಫೂಟ್ ಅವರ ಊಹೆಗೆ ಪ್ರಮಾಣ ಒದಗಿದ್ದು ಎರಡು ಕಡೆಗಳಿಂದ. ಲಂಡನ್ನಿನ ಪ್ರಾಧ್ಯಾಪಕ ಝಾಯ್ನರ್ ಅವರು ದಿಬ್ಬದ ಪದಾರ್ಥವನ್ನು ಪರೀಕ್ಷಿಸಿ, ಅದು ಸುಟ್ಟ ಸಗಣಿಯೇ ಎಂದು 1960ರ ಸುಮಾರಿಗೆ ಪ್ರಕಟಿಸಿದ ಲೇಖನದಲ್ಲಿ ತೋರಿಸಿದರು. ಇದರ ಹಿಂದಿರುವ ತತ್ತ್ವ ಸರಳವಾದುದು. ಹುಲ್ಲು ತನ್ನ ಎಲೆಗಳಲ್ಲಿ ನೆಲದಿಂದ ಹೀರಿದ ಸಿಲಿಕವನ್ನು ಸೂಕ್ಷ್ಮ ಕಣಗಳಾಗಿ ಸೇರಿಸಿಟ್ಟುಕೊಳ್ಳುತ್ತದೆ. ದನದ ಹೊಟ್ಟೆಯಲ್ಲಿ ಹುಲ್ಲು ಜೀರ್ಣವಾದರೂ ಈ ಕಣಗಳು ಕರಗದೆ ಸಗಣಿಯಲ್ಲಿ ಉಳಿಯುತ್ತವೆ. ಸಗಣಿಯ ರಾಶಿಗೆ ಬೆಂಕಿ ಬಿದ್ದು ಒಳಗಿನ ಶಾಖ ಸಾವಿರ ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿಗೆ ಏರಿದಾಗ, ಬೂದಿಯಲ್ಲಿಯೇ ಇರುವ ಕ್ಷಾರ ಮತ್ತು ಸುಣ್ಣ ಸಿಲಿಕವನ್ನು ಕರಗಿಸಿ ಗಾಜನ್ನಾಗಿ ಮಾಡುತ್ತವೆ. ಗಾಜಿನ ಕುಲುಮೆಯಲ್ಲಿ ಮನುಷ್ಯನು ಮರಳಿಗೆ ಕ್ಷಾರವನ್ನು ಬೆರೆಸಿ ಮಾಡುವ ಕೆಲಸವೇ ಇಲ್ಲಿ ಯಾರೂ ಬೆರೆಸದೆ ನಡೆದುಹೋಗಿದೆ. ಹೆಂಟೆಯ ರಹಸ್ಯ ಇಷ್ಟೇ. ಲಾವಾರಸವೂ ಬೇಡ, ಅದಿರೂ ಬೇಡ, ಅಸುರನ ಮೂಳೆಯೂ ಬೇಡ.

ಎರಡನೆಯ ಪ್ರಮಾಣ ಉತ್ಖನನದ್ದು. ಕೇಂಬ್ರಿಜ್ಜಿನ ರೇಮಂಡ್ ಆಲ್ಚಿನ್ ಅವರು 1957ರಲ್ಲಿ ಆಗಿನ ಮಹಬೂಬನಗರ ಜಿಲ್ಲೆಯ ಉಟ್ನೂರಿನ ಬೂದಿದಿಬ್ಬವನ್ನು ಅಗೆದರು. ಬೂದಿಯ ಪದರಗಳ ಕೆಳಗೆ ಸಾಲಾಗಿ ಕಂಬ ನೆಟ್ಟ ಕುಳಿಗಳು ಕಂಡುಬಂದವು. ದೊಡ್ಡಿಯ ಬೇಲಿಯ ಗೆರೆ ನೆಲದಲ್ಲಿ ಮೂಡಿತು. ಎಲ್ಲಕ್ಕಿಂತ ಹೆಚ್ಚಾಗಿ, ದೊಡ್ಡಿಯ ನೆಲದಲ್ಲಿ ದನಗಳ ಗೊರಸಿನ ಗುರುತುಗಳು ಹಾಗೆಯೇ ಉಳಿದಿದ್ದವು. ನಾಲ್ಕು ಸಾವಿರಕ್ಕೂ ಹೆಚ್ಚಿನ ವರ್ಷಗಳ ಹಿಂದೆ ಒದ್ದೆ ನೆಲದಲ್ಲಿ ದನವೊಂದು ಊರಿದ ಗೊರಸು ಅನೇಕ ಪಂಡಿತರ ಊಹೆಗಳನ್ನು ಒಮ್ಮೆಗೇ ಬದಿಗೊತ್ತಿತು. ದೊಡ್ಡಿ ಕಟ್ಟಿದುದು, ಅದು ಸುಟ್ಟದ್ದು, ಮತ್ತೆ ಕಟ್ಟಿದುದು, ಮತ್ತೆ ಸುಟ್ಟದ್ದು, ಇದು ಒಂದು ಸಲವಲ್ಲ, ಹಲವು ಸಲ ನಡೆದಿರುವುದು ಸ್ತರಗಳಿಂದ ಸ್ಪಷ್ಟವಾಯಿತು. ಆಲ್ಚಿನ್ನರ ದೊಡ್ಡ ಗ್ರಂಥ 1963ರಲ್ಲಿ ಪ್ರಕಟವಾಯಿತು. ಈ ವಿಷಯದಲ್ಲಿ ಅದರಷ್ಟು ಪ್ರಭಾವವನ್ನು ಬೀರಿದ ಪುಸ್ತಕ ಇನ್ನೊಂದಿಲ್ಲವಾದುದರಿಂದ ವಿಮರ್ಶೆಗೂ ಅದೇ ಹೆಚ್ಚು ಅರ್ಹವಾದುದು.

ಆ ಗ್ರಂಥದ ಬಲ ಅದರ ಮೊದಲ ಭಾಗದಲ್ಲಿದೆ, ದೌರ್ಬಲ್ಯ ಕೊನೆಯ ಭಾಗದಲ್ಲಿ. ದ್ರವ್ಯ ಸಗಣಿ, ಕ್ರಿಯೆ ದಹನ, ಸ್ಥಳ ದನದ ದೊಡ್ಡಿ ಎಂಬಲ್ಲಿಯವರೆಗೆ ಆಲ್ಚಿನ್ನರ ಒಂದೊಂದು ಹೆಜ್ಜೆಯೂ ನೆಲದ ಮೇಲೆಯೇ ಇದೆ. ಆಮೇಲೆ ಅವರು ಏಕೆ ಸುಟ್ಟರು ಎಂಬ ಪ್ರಶ್ನೆಗೆ ತಿರುಗಿ, ದನಗಳಿಗೂ ಬೆಂಕಿಗೂ ಸಂಬಂಧಿಸಿದ ನಮ್ಮ ಹಬ್ಬಗಳನ್ನು ತಂದು ಜೋಡಿಸುತ್ತಾರೆ. ಸಂಕ್ರಾಂತಿಯ ದಿನ ಸಂಜೆ ಹುಲ್ಲಿಗೆ ಬೆಂಕಿಯಿಟ್ಟು ದನಗಳನ್ನು ಕಿಚ್ಚು ಹಾಯಿಸುವ ಪದ್ಧತಿ ನಮ್ಮಲ್ಲಿ ಇಂದಿಗೂ ಉಂಟಷ್ಟೆ. ಹೋಳಿ, ದೀಪಾವಳಿಗಳಲ್ಲಿಯೂ ಬೆಂಕಿಗೆ ಸ್ಥಾನವಿದೆ. ಇವುಗಳ ಮೂಲ ಆ ನವಶಿಲಾಯುಗದ ದೊಡ್ಡಿಗಳ ವಾರ್ಷಿಕ ದಹನದಲ್ಲಿರಬಹುದೆಂಬುದು ಅವರ ಸೂಚನೆ. ಸೂಚನೆ ರಮ್ಯವಾದುದು, ನಮ್ಮ ಹಬ್ಬಗಳಿಗೆ ಅಷ್ಟು ಪ್ರಾಚೀನತೆ ದೊರೆತರೆ ಸಂತೋಷಪಡದವರಾರು? ಆದರೆ ಕಿಚ್ಚು ಹಾಯಿಸುವಾಗ ಸುಡುವುದು ಹುಲ್ಲನ್ನು, ಸಗಣಿಯ ಬೆಟ್ಟವನ್ನಲ್ಲ. ಆ ಬೆಂಕಿ ಕೆಲವು ನಿಮಿಷಗಳದು, ಹೆಂಟೆ ಕರಗುವ ಬೆಂಕಿಯಲ್ಲ. ಅದರ ಬೂದಿಯನ್ನು ಯಾರೂ ವರ್ಷವರ್ಷವೂ ಒಂದೇ ಕಡೆ ರಾಶಿ ಹಾಕಿ ದಿಬ್ಬ ಮಾಡುವುದಿಲ್ಲ. ಹೋಲಿಕೆ ಇರುವುದು ‘ದನ’ ಮತ್ತು ‘ಬೆಂಕಿ’ ಎಂಬ ಎರಡು ಮಾತುಗಳಲ್ಲಿ. ನಡುವೆ ಸುಮಾರು ಮೂರು ಸಾವಿರ ವರ್ಷಗಳ ಮೌನವಿದೆ. ಸಿವೆಲ್ಲರು ಯಾತ್ರಿಕರ ಬರಹದಿಂದ ಮಾಡಿದ್ದನ್ನು ಆಲ್ಚಿನ್ನರು ಜಾನಪದದಿಂದ ಮಾಡಿದರೆಂದರೆ ಸ್ವಲ್ಪ ಕಠಿನವಾದೀತು, ಪೂರ್ತಿ ತಪ್ಪಾಗಲಾರದು. ದ್ರವ್ಯವನ್ನು ಅಷ್ಟು ಖಚಿತವಾಗಿ ತೋರಿಸಿಕೊಟ್ಟ ಲೇಖಕನ ಮಾತಿಗೆ ಉದ್ದೇಶದ ವಿಷಯದಲ್ಲಿಯೂ ಅಷ್ಟೇ ಬೆಲೆ ತಾನಾಗಿ ಬಂದುಬಿಡುತ್ತದೆ. ಪಾಠಹೇಳುವಾಗ ನಾವು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುವುದೂ ಇದಕ್ಕೆ ನೆರವಾಗಿದೆ.

ಅನಂತರದ ಸಂಶೋಧನೆ ಈ ಸಂದೇಹವನ್ನು ಸಮರ್ಥಿಸಿದೆ. ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಸುರಪುರ ಸೀಮೆಯ ಬೂದಿಹಾಳದಲ್ಲಿ 1989ರಿಂದ ಹಲವು ವರ್ಷ ನಡೆಸಿದ ಉತ್ಖನನದಲ್ಲಿ ಬೂದಿದಿಬ್ಬದ ಪಕ್ಕದಲ್ಲಿಯೇ ಜನವಸತಿ, ದನಗಳ ದೊಡ್ಡಿ, ಮಾಂಸ ಕಡಿಯುತ್ತಿದ್ದ ಸ್ಥಳ, ಕಲ್ಲಿನ ಅಲಗುಗಳನ್ನು ತಯಾರಿಸುತ್ತಿದ್ದ ಸ್ಥಳ ಎಲ್ಲವೂ ಬೆಳಕಿಗೆ ಬಂದವು. ಆದುದರಿಂದ ಬೂದಿದಿಬ್ಬ ಕಾಡಿನ ನಡುವೆ ಋತುವಿಗೊಮ್ಮೆ ಬೀಡುಬಿಟ್ಟವರು ಹಾಕಿಹೋದ ಗುರುತು ಮಾತ್ರವಲ್ಲ, ನೆಲೆನಿಂತ ಹಟ್ಟಿಯ ಒಂದು ಅಂಗ. ಸಗಣಿಯನ್ನು ಸುಟ್ಟದ್ದರಲ್ಲಿ ಹಟ್ಟಿಯನ್ನು ಶುಚಿಯಾಗಿಡುವ ವ್ಯಾವಹಾರಿಕ ಕಾರಣವನ್ನೂ ಎಣಿಸಬೇಕೆಂಬುದು ಅವರ ವಾದದ ಒಲವು. ಇದಕ್ಕೆ ವಿರುದ್ಧವಾಗಿ, 2004ರಲ್ಲಿ ಪೀಟರ್ ಜೋಹಾನ್ಸೆನ್ ಅವರು ದಿಬ್ಬಗಳನ್ನು ಕಸದ ರಾಶಿಯೆಂದು ಭಾವಿಸದೆ, ಪದರದ ಮೇಲೆ ಪದರವಿಟ್ಟು ಬುದ್ಧಿಪೂರ್ವಕವಾಗಿ ಎಬ್ಬಿಸಿದ ಸ್ಮಾರಕಗಳೆಂದು ಭಾವಿಸಬೇಕೆಂದು ವಾದಿಸಿದರು. ಎರಡು ಮತಗಳಿಗೂ ದ್ರವ್ಯ ಅದೇ ಸಗಣಿ, ಕ್ರಿಯೆ ಅದೇ ದಹನ. ಇಷ್ಟು ದೂರ ದೂರವಾದ ಎರಡು ಉದ್ದೇಶಗಳು ಒಂದೇ ದ್ರವ್ಯನಿರ್ಣಯದ ಮೇಲೆ ನಿಲ್ಲಬಲ್ಲವೆಂದ ಮೇಲೆ, ಆ ನಿರ್ಣಯ ಎರಡರಲ್ಲಿ ಯಾವುದನ್ನೂ ಸಿದ್ಧಪಡಿಸಿಲ್ಲವೆಂದೇ ಅರ್ಥ.

ಲೋಹದ ವಿಷಯದಲ್ಲಿಯೂ ಇದೇ ನ್ಯಾಯ. ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಲ್ಲಿ ಎಂ. ಎಸ್. ನಾಗರಾಜರಾಯರು 1963–64ರಲ್ಲಿ ನಡೆಸಿದ ಉತ್ಖನನದಲ್ಲಿ ಕಲ್ಲಿನ ಕೊಡಲಿಯ ಜನರ ವಸತಿಯ ಸ್ತರಗಳಲ್ಲಿ ಚಿನ್ನದ ಸಣ್ಣ ಆಭರಣಗಳು ದೊರೆತವು. ತೂಕದಿಂದ ಎಣಿಸಿದರೆ ಅದು ಅಕ್ಕಸಾಲಿಗನು ಗಮನಿಸದಷ್ಟು ಅಲ್ಪ. ಆದರೆ ದೊರೆತ ಸ್ತರದಿಂದಾಗಿ, ಕಬ್ಬಿಣವನ್ನು ಕಾಣದ ಜನರು ಚಿನ್ನವನ್ನು ಬಲ್ಲವರಾಗಿದ್ದರೆಂಬ ದೊಡ್ಡ ಮಾತನ್ನು ಅದು ಹೇಳುತ್ತದೆ. ಅದೇ ಆಭರಣ ಲೋಹಶೋಧಕ ಯಂತ್ರವನ್ನು ಹಿಡಿದು ರಾತ್ರಿ ತಿರುಗುವ ನಿಧಿಗಳ್ಳನ ಕೈಗೆ ಸಿಕ್ಕಿದ್ದರೆ? ಯಂತ್ರಕ್ಕೆ ತಿಳಿಯುವುದು ಕೆಳಗೆ ಲೋಹವಿದೆಯೆಂಬುದು ಮಾತ್ರ. ಅದು ಹೂಗಳ ನಡುವೆ ಹೂಳಿದ ಶಿಶುವಿನ ಕಿವಿಯದೋ, ನಿನ್ನೆ ಬಿದ್ದ ಎತ್ತಿನ ಲಾಳವೋ ಅದಕ್ಕೆ ಒಂದೇ. ಹತ್ತು ರೂಪಾಯಿಗೆ ಮೇಲ್ಪಟ್ಟ ಬೆಲೆಯ ನಿಕ್ಷೇಪ ಸಿಕ್ಕಿದರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ಕಾಯಿದೆ ವಿಧಿಸಿದೆ. ಬೆಲೆಯನ್ನು ಅಳತೆಗೋಲಾಗಿ ಮಾಡಿಕೊಂಡ ಆ ಕಾಯಿದೆಗೆ ಕಲ್ಲಿನ ಕೊಡಲಿಯೂ ಬೂದಿಯ ಹೆಂಟೆಯೂ ಕಣ್ಣಿಗೆ ಬೀಳುವುದೇ ಕಷ್ಟ. ಮಸ್ಕಿಯಲ್ಲಿ ಅಶೋಕನ ಹೆಸರುಳ್ಳ ಶಾಸನವನ್ನು 1915ರಲ್ಲಿ ಕಂಡವರು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರರು. ಲೋಹವನ್ನರಸುವವನಿಗೆ ಲೋಹವಲ್ಲದ್ದೂ ಕಾಣುವುದುಂಟು. ಆದರೆ ಆ ಬಂಡೆ ಕೈಚೀಲದಲ್ಲಿ ಹಿಡಿಸುವಂಥದಾಗಿರಲಿಲ್ಲವೆಂಬುದು ನಮ್ಮ ಅದೃಷ್ಟ.

ಸ್ಥಳದಿಂದ ಎತ್ತಿದೊಡನೆ ತನ್ನ ಅರ್ಥವನ್ನು ಕಳೆದುಕೊಳ್ಳುವ ಕಲ್ಲಿಗೆ ಕಪ್ಪಗಲ್ಲಿನ ಗುಡ್ಡವನ್ನು ನೋಡಬೇಕು. ಸಂಗನಕಲ್ಲಿನ ನೆರೆಯ ಈ ಗುಡ್ಡದ ಬುಡದಲ್ಲಿ ಬೂದಿದಿಬ್ಬವೂ ಇದೆ. ಗ್ರ್ಯಾನೈಟನ್ನು ಸೀಳಿಕೊಂಡು ಹೋದ ಡಾಲರೈಟ್ ಶಿಲೆಯ ಕಪ್ಪು ಗೋಡೆಯ ಮೇಲೆ ಉದ್ದ ಕೊಂಬಿನ ಎತ್ತುಗಳ ಚಿತ್ರಗಳನ್ನು ಕುಟ್ಟಿ ಮೂಡಿಸಿದ್ದಾರೆ; ಫಾಸೆಟ್ ಅವರು ಇವನ್ನು 1892ರಲ್ಲಿಯೇ ವರದಿಮಾಡಿದರು. ಅಲ್ಲಿಯ ಕೆಲವು ಬಂಡೆಗಳ ಮೇಲೆ ಬಟ್ಟಲಿನಾಕಾರದ ಕುಳಿಗಳಿವೆ. ಚಿತ್ರವೂ ಅಲ್ಲದ, ಧಾನ್ಯ ಕುಟ್ಟುವ ಒರಳೂ ಅಲ್ಲದ ಈ ಕುಳಿಗಳನ್ನು ಕಣ್ಣಿನಿಂದ ಗುರುತಿಸಲು ಯತ್ನಿಸಿದವನಿಗೆ ಉತ್ತರ ದೊರೆಯದು. ಗುಂಡುಕಲ್ಲಿನಿಂದ ಆ ಕುಳಿಯಲ್ಲಿ ಬಡಿದರೆ ಬಂಡೆ ಗಂಟೆಯಂತೆ ನುಡಿಯುತ್ತದೆ. ಕುಳಿಗಳು ಬಡಿದು ಬಡಿದು ಆದವು. ನಿಕೋಲ್ ಬೋಯ್ವಿನ್ ಅವರು 2004ರಲ್ಲಿ ಇದನ್ನು ವಿವರಿಸಿ ಬರೆದರು. ಕಲ್ಲಿನ ನಾದ ಅದರ ದ್ರವ್ಯದಲ್ಲಿ ಮಾತ್ರವಲ್ಲ, ಅದು ಬೇರೆ ಬಂಡೆಗಳ ಮೇಲೆ ಯಾವ ಯಾವ ಬಿಂದುಗಳಲ್ಲಿ ಆತು ನಿಂತಿದೆ ಎಂಬುದರಲ್ಲಿಯೂ ಇರುತ್ತದೆ. ವಸ್ತುಸಂಗ್ರಹಾಲಯದ ಸಿಮೆಂಟು ನೆಲದ ಮೇಲೆ ಕೂರಿಸಿದರೆ ಅದು ಮೂಕ. ಆ ಗುಡ್ಡದಲ್ಲಿ ಕಲ್ಲುಗಣಿಯ ಕೆಲಸ ನಡೆದು ಚಿತ್ರಗಳಿಗೂ ಬಂಡೆಗಳಿಗೂ ಅಪಾಯವೊದಗಿದುದನ್ನು ಈ ಕಾಲದ ವಿದ್ವಾಂಸರು ಮತ್ತೆ ಮತ್ತೆ ಎತ್ತಿ ಹೇಳಿದ್ದಾರೆ.

ಬೂದಿದಿಬ್ಬಗಳಿಗೆ ಒದಗಿದ ಅಪಾಯ ಬೇರೆ ಬಗೆಯದು, ಕೇಳಿದರೆ ವಿಚಿತ್ರವೆನಿಸುವಂಥದು. ದಿಬ್ಬದ ಬೂದಿ ಹೊಲಕ್ಕೆ ಒಳ್ಳೆಯ ಗೊಬ್ಬರವೆಂಬುದನ್ನು ರೈತರು ಕಂಡುಕೊಂಡು ಗಾಡಿಗಾಡಿಯಾಗಿ ಹೇರಿಕೊಂಡು ಹೋದುದರಿಂದ ಅನೇಕ ದಿಬ್ಬಗಳು ಸವೆದುಹೋಗಿವೆ, ಕೆಲವು ಹೆಸರಿಗೆ ಮಾತ್ರ ಉಳಿದಿವೆ. ರೈತರನ್ನು ಇದಕ್ಕಾಗಿ ದೂರುವುದು ಅನ್ಯಾಯ. ದ್ರವ್ಯವನ್ನು ಅವರು ರಸಾಯನಜ್ಞರಷ್ಟೇ ಸರಿಯಾಗಿ ಗುರುತಿಸಿದ್ದಾರೆ. ಆದರೆ ಅವರ ಈ ಬಳಕೆಯೇ ಮೂರನೆಯ ಪ್ರಶ್ನೆಯನ್ನು ಇನ್ನೂ ತೀಕ್ಷ್ಣಗೊಳಿಸುತ್ತದೆ. ಈ ದಿಬ್ಬಗಳ ಕಾಲದ ಜನರೂ ದನ ಕಾಯುವುದರ ಜೊತೆಗೆ ಬೇಸಾಯವನ್ನು ಬಲ್ಲವರು. ಅವರ ವಸತಿಗಳಲ್ಲಿ ದೊರೆತ ಸುಟ್ಟ ಕಾಳುಗಳನ್ನು ಪರೀಕ್ಷಿಸಿದಾಗ ಹುರುಳಿ, ಹೆಸರು, ಕೊರಲೆ ಇವುಗಳ ಗುರುತು ಹತ್ತಿದೆ. ಇಂದಿನ ರೈತ ನಾಲ್ಕು ಸಾವಿರ ವರ್ಷಗಳ ಹಳೆಯ ಬೂದಿಯನ್ನೂ ಬಿಡದೆ ಹೊಲಕ್ಕೆ ಸಾಗಿಸುವಾಗ, ಹುರುಳಿ ಬಿತ್ತುತ್ತಿದ್ದ ಆ ಜನ ಹೊಸ ಸಗಣಿಯನ್ನೇ ಹೊಲಕ್ಕೆ ಹಾಕದೆ ತಲೆಮಾರುಗಳ ಕಾಲ ಸುಟ್ಟು ಗುಡ್ಡೆ ಹಾಕಿದ್ದೇಕೆ? ದನಗಳಿಗೆ ಬಂದ ರೋಗವೆ, ಸಗಣಿಯ ಅತಿಶಯವೆ, ಗೊಬ್ಬರದ ಉಪಯೋಗ ತಿಳಿಯದಿದ್ದುದೆ, ಅಥವಾ ದನಗಳ ಸಂಪತ್ತನ್ನು ದೂರದಿಂದ ಕಾಣುವಂತೆ ಎತ್ತರಕ್ಕೆ ಪೇರಿಸಿ ತೋರಿಸುವ ಅಭಿಮಾನವೆ? ಒಂದೊಂದು ಪದರವೂ ಎಷ್ಟು ಕಾಲ ಸುಡದೆ ಇತ್ತು, ಮಳೆಗೆ ತೋಯ್ದಿತ್ತೆ, ಮೇಲೆ ದನ ನಡೆದಿತ್ತೆ ಎಂಬುದನ್ನು ಮಣ್ಣಿನ ತೆಳುವಾದ ಸೀಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುವ ವಿಧಾನ ಈಗ ನಮ್ಮ ಕೈಯಲ್ಲಿದೆ. ಅದಕ್ಕೆ ಕದಲದ ಪದರಗಳು ಬೇಕು. ಅಂಥ ಪದರಗಳು ಕುಡತಿನಿಯಲ್ಲಿಯೂ ಇನ್ನು ಕೆಲವೆಡೆಗಳಲ್ಲಿಯೂ ಉಳಿದಿವೆ.